ಹುಡುಗಿ ದುರ್ಯೋಧನನಾದರೆ ಏನು ತೊಂದರೆ?

ಸಾಗರದ ಉಪನ್ಯಾಸಕಿ:
ನಮ್ಮ ಕಾಲೇಜಿನಲ್ಲಿ ಪೌರಾಣಿಕ ನಾಟಕವೊಂದರ ತಾಲೀಮು ನಡೆಯುತ್ತಿದ್ದು, ದುರ್ಯೋಧನನ ಮಾತುಗಳನ್ನು ಎಲ್ಲರಿಗಿಂತ ಚೆನ್ನಾಗಿ ಒಪ್ಪಿಸಿದವಳು ಒಬ್ಬ ಹುಡುಗಿ. ಗದೆಯನ್ನು ಹೆಗಲಿಗೇರಿಸಿ, ಕಾಲು ಅಗಲಿಸಿ ನಿಂತ ಕ್ಷಣ ಅವಳ ದನಿಯೇ ಬದಲಾಗುತ್ತದೆ. ಆದರೆ ಅವಳ ತಂದೆ ‘ದ್ರೌಪದಿಯಾದರೆ ಆಗಲಿ ಮೇಡಂ, ಇದು ಬೇಡ’ ಎಂದು ಕಡ್ಡಿ ಮುರಿದಂತೆ ಹೇಳಿದ್ದಾರೆ. ಯಕ್ಷಗಾನದಲ್ಲಿ ಗಂಡಸರ ಸ್ತ್ರೀವೇಷವನ್ನು ಬೆಳಗಿನ ಜಾವದವರೆಗೂ ಕುಳಿತು ಮೆಚ್ಚುವ ನಮ್ಮ ಸೀಮೆಯಲ್ಲಿ, ಹೆಣ್ಣಿನ ಪುರುಷವೇಷ ಏಕೆ ಇಷ್ಟು ಕಸಿವಿಸಿ ಹುಟ್ಟಿಸುತ್ತದೆ? ನಾಟಕ ಈ ಕಟ್ಟುಪಾಡನ್ನು ನಿಜವಾಗಿ ಸಡಿಲಿಸಬಲ್ಲುದೇ?

ಶಿವಮೊಗ್ಗದ ಹವ್ಯಾಸಿ ನಟ:
ಹೆಣ್ಣುಮಕ್ಕಳನ್ನು ರಂಗದಿಂದ ದೂರವಿಟ್ಟದ್ದರಿಂದಲೇ ಸ್ತ್ರೀವೇಷ ಗಂಡಸರ ಪಾಲಾಯಿತು. ಆ ಕಲೆಯ ಬಗ್ಗೆ ನನಗೆ ಅಪಾರ ಗೌರವವಿದೆ; ಆದರೂ ಹೆಣ್ಣು ಹೇಗೆ ನಡೆಯಬೇಕು, ಹೇಗೆ ನಾಚಬೇಕು ಎಂಬುದನ್ನು ಅಲ್ಲಿ ಗಂಡಸರೇ ತೀರ್ಮಾನಿಸಿದರು ಎಂಬುದನ್ನು ಮರೆಯಲಾಗದು. ಆ ತಂದೆಗೆ ಆರ್. ನಾಗರತ್ನಮ್ಮನವರ ವಿಷಯ ಹೇಳಿ. ಅವರು 1958ರಲ್ಲಿ ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಎಲ್ಲ ಪಾತ್ರಗಳೂ ಹೆಂಗಸರವೇ ಆಗಿದ್ದು, ಕಂಸ, ಭೀಮ, ದುರ್ಯೋಧನರಾಗಿ ಅವರೇ ರಂಗದ ಮೇಲೆ ಗರ್ಜಿಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು.

ಹೆಗ್ಗೋಡು ಸಮೀಪದ ರಂಗಾಸಕ್ತೆ:
ಪಾತ್ರದಷ್ಟೇ ಮುಖ್ಯವಾದದ್ದು ನಾಟಕ ಕಟ್ಟುವ ಬಗೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ನ ಸಂಚಾರಿ ನಾಟಕ ತಂಡ ‘ತಿರುಗಾಟ’ 1985ರಲ್ಲಿ ಆರಂಭವಾದಾಗಿನಿಂದ ನಟ ನಟಿಯರು ಒಂದೇ ತಂಡವಾಗಿ ಊರಿಂದೂರಿಗೆ ಹೋಗುವುದನ್ನು ನಾವು ಕಂಡಿದ್ದೇವೆ. ಮನೆಮಗಳು ಪರವೂರಿನಲ್ಲಿ ದುಡಿದು ಬರುವುದು ಸಹಜವೆಂದು ನಮ್ಮ ಕೇರಿಯವರಿಗೆ ಮನವರಿಕೆಯಾಗಲು, ನನ್ನ ಮಟ್ಟಿಗೆ, ಎಷ್ಟೋ ಸಂಭಾಷಣೆಗಳಿಗಿಂತ ಇದು ಹೆಚ್ಚು ನೆರವಾಯಿತು. ಹೆಣ್ಣಿನ ಪರವೆನ್ನುವ ನಾಟಕಗಳನ್ನೂ ನಾವು ಎಚ್ಚರದಿಂದ ನೋಡಬೇಕು. ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕದಲ್ಲಿ ರಾಣಿ ಎಂಬ ಹೆಣ್ಣು ತನ್ನ ಶೀಲವನ್ನು ಸಾಬೀತುಪಡಿಸಲು ಹಾವನ್ನು ಹಿಡಿದು ಆಣೆ ಮಾಡಿದ ಮೇಲೆ ಊರು ಅವಳನ್ನು ದೇವಿಯೆಂದು ಪೂಜಿಸುತ್ತದೆ; ಅವಳನ್ನು ಮನೆಯೊಳಗೆ ಕೂಡಿಹಾಕಿ ಬೇರೊಬ್ಬಳ ಬಳಿ ಹೋಗುತ್ತಿದ್ದ ಗಂಡನಿಗೆ ಪಂಚಾಯಿತಿ ಅಂಥ ಪರೀಕ್ಷೆಯನ್ನು ಒಡ್ಡುವುದೇ ಇಲ್ಲ. ಕಾರ್ನಾಡರು ಆ ಅನ್ಯಾಯವನ್ನು ಮುಚ್ಚಿಡದೆ ನಮ್ಮೆದುರು ಇಟ್ಟಿದ್ದಾರೆ. ನಾಟಕ ಮುಗಿದು ಮನೆಗೆ ನಡೆಯುವಾಗ ನನ್ನನ್ನು ಕಾಡಿದ್ದು ಇದೇ. ಅಂದ ಹಾಗೆ, ಆ ತಂದೆಗೆ ಅಂಜಿಕೆ ಇರುವುದು ಗದೆಯ ಬಗ್ಗೆಯೋ, ತಾಲೀಮು ಮುಗಿಸಿ ಮಗಳು ಕತ್ತಲಲ್ಲಿ ಬರುವ ಬಗ್ಗೆಯೋ ಕೇಳಿ ನೋಡಿ.

ಸಾಗರದ ಉಪನ್ಯಾಸಕಿ:
ಕೇಳಿದೆ, ಎರಡರ ಬಗ್ಗೆಯೂ ಎಂದರು. ತಾಲೀಮನ್ನು ಸಂಜೆ ಐದೂವರೆಗೆ ಮುಗಿಸಿ, ಅವಳನ್ನು ಬಸ್ಸು ಹತ್ತಿಸಿ ಬರುವ ಹೊಣೆಯನ್ನು ನಾನೇ ವಹಿಸಿಕೊಂಡಿದ್ದೇನೆ. ಗದೆಯ ವಿಷಯದಲ್ಲಿ ಅವರು ಇನ್ನೂ ಒಪ್ಪಿಲ್ಲ, ಹುಡುಗಿಯೂ ಪಾತ್ರವನ್ನು ಬಿಟ್ಟುಕೊಟ್ಟಿಲ್ಲ.