ಸಮಸ್ಯಾಪೂರಣ: ಹಿಮವು ಸುಟ್ಟಿತು, ಬೆಂಕಿ ನಡುಗಿತು

ಸಂಚಾಲಕಿ:
ಗೆಳೆಯರೇ, ಈ ವಾರದ ಸಮಸ್ಯೆ ತಗೊಳ್ಳಿ. ಭಾಮಿನಿ ಷಟ್ಪದಿಯ ಕೊನೆಯ ಸಾಲು ನನ್ನದು, ಮೇಲಿನ ಐದು ನಿಮ್ಮವು.

ಹಿಮವು ಸುಟ್ಟಿತು ಬೆಂಕಿ ನಡುಗಿತು ದೊರೆಯ ಕಣ್ಣೆದುರೇ

ಆದಿಪ್ರಾಸ ಮಕಾರ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ ಮಕಾರವೇ ಆಗಿರಬೇಕು; ಮೊದಲಕ್ಷರ ಲಘು (ಹ್ರಸ್ವ). ವಿಷಯಕ್ಕೂ ಒಂದು ಕಟ್ಟು ಇದೆ: 1789ರ ಫ್ರೆಂಚ್ ಕ್ರಾಂತಿಯ ಅಲೆಯಲ್ಲಿ ಮೇಲೆ ಬಂದು, ಸೈನ್ಯದ ಬಲದಿಂದ ಆಳಿ, ಆಮೇಲೆ ಬಿದ್ದ ದೊರೆಯ ಕತೆ ಬರಬೇಕು. ಹೆಸರು ನಾನು ಹೇಳುವುದಿಲ್ಲ.

ಶಿವಮೊಗ್ಗದಿಂದ:
ಮೇಡಂ, ಸಾಲು ಓದಿದ ಕೂಡಲೇ ಮಾಸ್ಕೋ ಕಣ್ಣಮುಂದೆ ಬಂತು.

ಸಮರ ಮುಗಿಯಿತು ಗೆಲುವು ಸಿಕ್ಕಿತು
ನಮಿಸಲಾರೂ ಬರದ ನಗರದಿ
ಕಮರಿ ಹೋದವು ಮನೆಯು ಮಳಿಗೆಯು ಧಾನ್ಯ ಕಣಜಗಳೂ
ಸಮಯ ಕಾದನು ಸಂಧಿಗೆನುತಲಿ
ಗಮಿಸೆ ತಿಂಗಳು ಹೊರಟ ಹಿಂದಕೆ
ಹಿಮವು ಸುಟ್ಟಿತು ಬೆಂಕಿ ನಡುಗಿತು ದೊರೆಯ ಕಣ್ಣೆದುರೇ

1812ರ ಸೆಪ್ಟೆಂಬರ್ 14ರಂದು ನೆಪೋಲಿಯನ್ ಮಾಸ್ಕೋ ತಲುಪಿದ. ಊರಿನ ಹಿರಿಯರು ಬಂದು ಶರಣಾಗುತ್ತಾರೆ ಅಂತ ಕಾದ, ಯಾರೂ ಬರಲಿಲ್ಲ, ಅಂದೇ ರಾತ್ರಿ ಊರಿಗೆ ಬೆಂಕಿ ಬಿತ್ತು. ರಷ್ಯದ ದೊರೆ ತ್ಸಾರ್ ಅಲೆಕ್ಸಾಂಡರ್ ಸಂಧಿಗೆ ಒಪ್ಪುತ್ತಾನೆ ಅಂತ ತಿಂಗಳ ಮೇಲೆ ಕೂತ. ಉತ್ತರವೇ ಇಲ್ಲ. ಅಕ್ಟೋಬರ್ 19ಕ್ಕೆ ಹೊರಟ, ನವೆಂಬರಿನಲ್ಲಿ ಹಿಮ ಹಿಡಿಯಿತು. ವಿಪರೀತ ಚಳಿಗೆ ಚರ್ಮ ಸುಟ್ಟಂತೆಯೇ ಆಗುತ್ತದೆ, ಗಾಳಿಗೆ ಶಿಬಿರದ ಬೆಂಕಿ ನಡುಗುತ್ತದೆ. ಸಮಸ್ಯೆಯ ಎರಡೂ ಗಂಟು ಬಿಚ್ಚಿದವು ಅಂದುಕೊಂಡಿದ್ದೇನೆ.

ಧಾರವಾಡದಿಂದ:
ಸರ್, ಪದ್ಯ ಚಂದ ಇದೆ, "ನಮಿಸಲಾರೂ ಬರದ ನಗರದಿ" ಅಂತೂ ಮನಸ್ಸಿಗೆ ಹಿಡಿಸಿತು. ಆದರೆ ಎಲ್ಲದಕ್ಕೂ ಹಿಮವನ್ನೇ ಹೊಣೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಮಿನಾರ್ ಎಂಬ ಫ್ರೆಂಚ್ ಇಂಜಿನಿಯರ್ 1869ರಲ್ಲಿ ಬಿಡಿಸಿದ ಈ ದಂಡಯಾತ್ರೆಯ ನಕ್ಷೆ ನೋಡಿ. ರಷ್ಯದ ಗಡಿ ದಾಟಿದವರು 4,22,000. ಮಾಸ್ಕೋ ಮುಟ್ಟಿದವರು 1,00,000. ಈ ಎರಡು ಸಂಖ್ಯೆಗಳ ನಡುವೆ ಇದ್ದದ್ದು ಜೂನ್, ಜುಲೈ, ಆಗಸ್ಟ್ ತಿಂಗಳ ಸುಡುಬಿಸಿಲು. ಕೆಲವು ತುಕಡಿಗಳನ್ನು ದಾರಿಯಲ್ಲಿ ಬಿಟ್ಟು ಹೋಗಿದ್ದ, ನಿಜ. ಉಳಿದವರಲ್ಲಿ ಎಷ್ಟೋ ಜನ ಹಸಿವಿಗೆ, ಟೈಫಸ್ ಜ್ವರಕ್ಕೆ, ಕಾಳಗಕ್ಕೆ ಹೋದರು, ಎಷ್ಟೋ ಜನ ಸೈನ್ಯ ಬಿಟ್ಟು ಓಡಿದರು, ಕುದುರೆಗಳಂತೂ ಮೇವಿಲ್ಲದೆ ದಾರಿಯಲ್ಲೇ ಬಿದ್ದವು. ಕೊನೆಗೆ ಗಡಿಗೆ ವಾಪಸ್ ಬಂದವರು ಆ ನಕ್ಷೆಯ ಪ್ರಕಾರ 10,000. ಚಳಿ ಬರುವ ಮೊದಲೇ ಅರ್ಧಕ್ಕಿಂತ ಜಾಸ್ತಿ ಕತೆ ಮುಗಿದಿತ್ತು.

ನನ್ನ ಪೂರಣದಲ್ಲಿ ಬೆಂಕಿ ಅಂದರೆ ಕ್ರಾಂತಿಯ ಕಿಚ್ಚು.

ಸಮತೆಯೆಂದುರಿದೆದ್ದ ಕಿಚ್ಚನು
ಅಮಲಿನಲಿ ಮಕುಟದೊಳು ಮುಚ್ಚಿದ
ದಮನ ನಡೆಸಿದ ಹತ್ತು ದೇಶದ ಗಡಿಯ ಮೇಲೆಲ್ಲಾ
ಗಮನ ಮೂಡಣಕೆಂದು ಹೊರಟನು
ಸಮೆದು ಹೋಯಿತು ಪಡೆಯು ಹಸಿವಲಿ
ಹಿಮವು ಸುಟ್ಟಿತು ಬೆಂಕಿ ನಡುಗಿತು ದೊರೆಯ ಕಣ್ಣೆದುರೇ

1795ರಲ್ಲಿ ಪ್ಯಾರಿಸ್ ಬೀದಿಯಲ್ಲಿ ರಾಜನ ಕಡೆಯವರ ಮೇಲೆ ಫಿರಂಗಿ ಹಾರಿಸಿ ಗಣರಾಜ್ಯ ಉಳಿಸಿದವನು ಇವನೇ. 1799ರ ನವೆಂಬರಿನಲ್ಲಿ ಅದೇ ಗಣರಾಜ್ಯದ ಸಭೆಯನ್ನು ಸೈನಿಕರಿಂದ ಹೊರಗೆ ಅಟ್ಟಿಸಿದ. 1804ರ ಡಿಸೆಂಬರ್ 2ರಂದು ಪೋಪರು ಎದುರಲ್ಲಿ ಕೂತಿರುವಾಗ ತಾನೇ ಕಿರೀಟ ಎತ್ತಿ ತಲೆಗೆ ಇಟ್ಟುಕೊಂಡ. ಹತ್ತು ವರ್ಷವೂ ಪೂರ್ತಿ ಆಗಿಲ್ಲ ನೋಡಿ! ಪತನ ಹುಡುಕುವುದಾದರೆ ಅಲ್ಲಿಂದ ಹುಡುಕಬೇಕು.

ಉಡುಪಿಯಿಂದ:
ನಾನು ಬೇರೆ ದೊರೆಯನ್ನು ತಂದಿದ್ದೇನೆ. ಮೇಡಂ ಹೆಸರು ಹೇಳಿಲ್ಲ, ಹಾಗಾಗಿ ನಿಯಮದೊಳಗೇ ಇದ್ದೇನೆ ಅಲ್ವಾ?

ನಮಗೆ ಬಿಡುಗಡೆ ತಂದ ಮುದುಕನು
ಮಮತೆಯಿಲ್ಲದ ಕಲ್ಲ ಕೋಣೆಯ
ತಮದೊಳೊರಗಿದನೊಲೆಯ ಬದಿಯಲಿ ಸೌದೆ ಸಾಲದೆಯೇ
ಅಮಿತ ಬಿಸಿಲಿನ ನಾಡಿನವನಿಗೆ
ಯಮನ ಬಾಗಿಲು ಜೂರ ಬೆಟ್ಟವು
ಹಿಮವು ಸುಟ್ಟಿತು ಬೆಂಕಿ ನಡುಗಿತು ದೊರೆಯ ಕಣ್ಣೆದುರೇ

ಶಿವಮೊಗ್ಗದಿಂದ:
ಓದಿ ಸುಮ್ನೆ ಕೂತುಬಿಟ್ಟೆ. ಇದು ತೂಸಾಂ ಲೂವರ್ತೂರ್ ತಾನೇ? ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳಿ.

ಉಡುಪಿಯಿಂದ:
ಹೌದು, ಅವನೇ. ಇವತ್ತಿನ ಹೈಟಿ ಆಗ ಸಾಂ ದೊಮಾಂಗ್ ಎಂಬ ಫ್ರೆಂಚ್ ವಸಾಹತು. ಆಫ್ರಿಕಾದಿಂದ ಹಿಡಿದು ತಂದ ಲಕ್ಷಾಂತರ ಗುಲಾಮರ ದುಡಿಮೆಯ ಮೇಲೆ ಕಬ್ಬು, ಕಾಫಿ ತೋಟ ನಡೆಯುತ್ತಿದ್ದವು. ತೂಸಾಂ ಹುಟ್ಟಿದ್ದೇ ಗುಲಾಮನಾಗಿ. 1791ರ ಆಗಸ್ಟಿನಲ್ಲಿ ಗುಲಾಮರು ದಂಗೆ ಎದ್ದರು, ಇವನು ಅದರಲ್ಲಿ ಸೇನಾನಿಯಾಗಿ ಬೆಳೆದ. 1794ರಲ್ಲಿ ಪ್ಯಾರಿಸ್ ಸಭೆ ಗುಲಾಮಗಿರಿ ರದ್ದು ಮಾಡಿತು, ಅದೇ ವರ್ಷ ಇವನು ಫ್ರೆಂಚರ ಕಡೆ ಸೇರಿ ಸ್ಪೇನಿನವರನ್ನೂ ಇಂಗ್ಲಿಷರನ್ನೂ ಹಿಮ್ಮೆಟ್ಟಿಸಿದ. 1801ರಲ್ಲಿ ಹೊಸ ಸಂವಿಧಾನ ಬರೆಸಿ ಜೀವನ ಪೂರ್ತಿ ತಾನೇ ಗವರ್ನರ್ ಅಂತ ಸಾರಿದ.

ನೆಪೋಲಿಯನ್‌ಗೆ ಇದು ತಡೆಯಲಿಲ್ಲ. ತನ್ನ ತಂಗಿಯ ಗಂಡ ಲಕ್ಲೇರ್‌ನ ಜೊತೆ ದೊಡ್ಡ ಸೈನ್ಯ ಕಳಿಸಿದ. 1802ರ ಜೂನಿನಲ್ಲಿ ಮಾತುಕತೆಗೆ ಅಂತ ಕರೆದು ತೂಸಾಂನನ್ನು ಹಿಡಿದರು. ಫ್ರಾನ್ಸಿನ ಜೂರ ಬೆಟ್ಟದ ಜೂ ಕೋಟೆಗೆ ಒಯ್ದು ಹಾಕಿದರು. ವಿಚಾರಣೆಯೇ ಇಲ್ಲ. 1803ರ ಏಪ್ರಿಲ್ 7ರಂದು ಅಲ್ಲೇ ಸತ್ತ, ಒಲೆಯ ಪಕ್ಕದ ಕುರ್ಚಿಯಲ್ಲಿ.

ಮೈಸೂರಿನಿಂದ:
ಒಂದು ಸಣ್ಣ ಮಾತು ಸೇರಿಸುತ್ತೇನೆ. ಇದೇ ನೆಪೋಲಿಯನ್ 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಕಾಗದ ಬರೆದಿದ್ದ, ಇಂಗ್ಲಿಷರ ಹಿಡಿತದಿಂದ ನಿಮ್ಮನ್ನು ಬಿಡಿಸುವ ಆಸೆ ಇದೆ ಅಂತ. ಕಾಗದ ಇಂಗ್ಲಿಷರ ಕೈಗೆ ಸಿಕ್ಕಿತು, ಮೇ 4ಕ್ಕೆ ಶ್ರೀರಂಗಪಟ್ಟಣವೂ ಬಿತ್ತು. ಬಿಡುಗಡೆಯ ಮಾತು ಆಡಿದ ಮೂರೇ ವರ್ಷಕ್ಕೆ, 1802ರ ಮೇ ತಿಂಗಳಲ್ಲಿ, ಗುಲಾಮಗಿರಿಯನ್ನು ಮುಂದುವರಿಸುವ ಕಾನೂನು ತಂದವನೂ ಅವನೇ. ನನಗೆ ಇದನ್ನು ಮರೆಯಲು ಆಗುವುದಿಲ್ಲ.

ಧಾರವಾಡದಿಂದ:
ಉಡುಪಿಯವರ ಪದ್ಯಕ್ಕೆ ಕೈ ಮುಗಿದೆ. ಒಂದು ಪ್ರಶ್ನೆ ಮಾತ್ರ ಉಳಿಯಿತು. "ನಮಗೆ ಬಿಡುಗಡೆ ತಂದ" ಅಂತ ಹೇಳುತ್ತಿರುವುದು ಯಾರು? ತೂಸಾಂ ಕೂಡ ಬಿಡುಗಡೆಯಾದ ಜನರನ್ನು ಸೈನಿಕರ ಕಾವಲಿನಲ್ಲಿ ಅದೇ ತೋಟಗಳಿಗೆ ದುಡಿಯಲು ಕಳಿಸಿದ. 1801ರಲ್ಲಿ ದಂಗೆ ಎದ್ದಾಗ ತನ್ನ ಅಕ್ಕರೆಯ ದತ್ತು ಸೋದರಳಿಯ, ಸೇನಾನಿ ಮೊಯಿಸ್‌ನನ್ನೇ ಗುಂಡಿಕ್ಕಿಸಿ ಕೊಲ್ಲಿಸಿದ. ತೋಟದಲ್ಲಿ ದುಡಿಯುತ್ತಿದ್ದ ಹೆಂಗಸು ಈ ಸಾಲು ಹಾಡುತ್ತಿದ್ದಳಾ?

ಉಡುಪಿಯಿಂದ:
ಒಳ್ಳೆಯ ಪ್ರಶ್ನೆ ಸರ್. ಅವನನ್ನು ಬೈದುಕೊಂಡೇ ಹಾಡಿರುತ್ತಾಳೆ ಅನ್ನಿಸುತ್ತದೆ. ಹಳೆಯ ಸಂಕೋಲೆ ವಾಪಸ್ ಬರುತ್ತಿದೆ ಅಂತ ಗೊತ್ತಾದಾಗ ಆ ಜನರು ಅವನಿಲ್ಲದೆಯೂ ಹೋರಾಡಿದರಲ್ಲ. ಹಳದಿ ಜ್ವರ ಲಕ್ಲೇರ್‌ನನ್ನು 1802ರಲ್ಲೇ ಕೊಂದಿತು. ಮರುವರ್ಷ ನವೆಂಬರ್ 18ರಂದು ವೆರ್ತಿಯೇರ್ ಕಾಳಗದಲ್ಲಿ ತೂಸಾಂನ ಸೇನಾನಿಯಾಗಿದ್ದ ದೆಸಲೀನ್‌ನ ಪಡೆ ಫ್ರೆಂಚರನ್ನು ಸೋಲಿಸಿತು. 1804ರ ಜನವರಿ 1ಕ್ಕೆ ಹೈಟಿ ಸ್ವತಂತ್ರ. ಪ್ಯಾರಿಸ್‌ನಲ್ಲಿ ಕಿರೀಟ ಏರಿದ್ದು ಅದಾದ ಹನ್ನೊಂದು ತಿಂಗಳಿಗೆ.

ಸಂಚಾಲಕಿ:
ಮೂರೂ ಪೂರಣ ಛಂದಸ್ಸಿನಲ್ಲಿ ಗಟ್ಟಿಯಾಗಿವೆ. ಶಿವಮೊಗ್ಗದವರದು ಸರಾಗ, ಧಾರವಾಡದವರ "ಮಕುಟದೊಳು ಮುಚ್ಚಿದ" ನನಗೆ ತುಂಬಾ ಇಷ್ಟವಾಯಿತು. ಆದರೂ ಈ ವಾರದ ಪೂರಣ ಉಡುಪಿಯವರದೇ. ಸಮಸ್ಯೆಯ ಹಿಮವೂ ಬೆಂಕಿಯೂ ದೊರೆಯೂ ಒಂದೇ ಕೋಣೆಯಲ್ಲಿ ಸಿಕ್ಕಿದ್ದು ಆ ಪದ್ಯದಲ್ಲಿ ಮಾತ್ರ. ಸೇಂಟ್ ಹೆಲೆನಾ ದ್ವೀಪದ ಸೆರೆಯಲ್ಲಿದ್ದಾಗ ನೆಪೋಲಿಯನ್ ಸಾಂ ದೊಮಾಂಗ್‌ಗೆ ಸೈನ್ಯ ಕಳಿಸಿದ್ದು ದೊಡ್ಡ ತಪ್ಪಾಯಿತು ಅಂತ ಹೇಳಿಕೊಂಡಿದ್ದ. ಆ ಸೆರೆಯನ್ನು ಇಟ್ಟುಕೊಂಡು ಯಾರಾದರೂ ಇನ್ನೊಂದು ಪೂರಣ ಕಟ್ಟುವುದಾದರೆ ಭಾನುವಾರದವರೆಗೆ ಸಮಯ ಇದೆ.