ಅಮೆರಿಕವನ್ನು ಯಾರ್ಯಾರು ಕಟ್ಟಿದರು: 9ನೇ ತರಗತಿಗೆ ಎರಡು ಪಿರಿಯಡ್‌ನಲ್ಲಿ ಹೇಳುವುದು ಹೇಗೆ?

ಪ್ರಶ್ನೆ (ಚಿತ್ತಾಪುರ):
ಅಮೆರಿಕದ ಸಮಾಜದ ಮೇಲೆ ಬೇರೆ ಬೇರೆ ಸಂಸ್ಕೃತಿಗಳ ಪ್ರಭಾವ ಎಂಬ ವಿಷಯ. 40 ನಿಮಿಷದ ಎರಡು ಪಿರಿಯಡ್, 40 ಮಕ್ಕಳು, ಪ್ರೊಜೆಕ್ಟರ್ ಇಲ್ಲ. ಅಮೆರಿಕ ಅಂದರೆ ಬಿಳಿಯರ ದೇಶ ಅನ್ನುವಲ್ಲಿಗೇ ಮಕ್ಕಳ ಮಾತು ನಿಲ್ಲುತ್ತದೆ. ಜನಾಂಗಗಳ ಪಟ್ಟಿ ಬರೆಸಿದರೆ ಬಾಯಿಪಾಠ ಮಾಡುತ್ತಾರೆ, ಅಷ್ಟೇ. ಎಲ್ಲಿಂದ ಶುರು ಮಾಡಲಿ?

ಉತ್ತರ (ಬೀದರ್):
ಮೇಡಂ, ಪಟ್ಟಿ ಬಿಡಿ, ಒಂದು ಹಳೆಯ ಜೀನ್ಸ್ ಪ್ಯಾಂಟ್ ತನ್ನಿ. ಜೇಬಿನ ಮೂಲೆಯ ತಾಮ್ರದ ರಿವೆಟ್ ಅನ್ನು ಮಕ್ಕಳು ಮುಟ್ಟಿ ನೋಡಲಿ. ಜೇಬಿಗೆ ಭಾರ ಬಿದ್ದರೆ ಹೊಲಿಗೆ ಮೊದಲು ಬಿಚ್ಚುವುದು ಅಲ್ಲೇ. ಅಲ್ಲಿ ರಿವೆಟ್ ಹೊಡೆಯುವ ಉಪಾಯ ಜೇಕಬ್ ಡೇವಿಸ್ ಎಂಬ ದರ್ಜಿಯದು, ಹುಟ್ಟಿದ್ದು ಈಗಿನ ಲಾಟ್ವಿಯಾ ದೇಶದ ರೀಗಾದಲ್ಲಿ. ಅವನಿಗೆ ಬಟ್ಟೆ ಮಾರುತ್ತಿದ್ದ ಲೀವೈ ಸ್ಟ್ರಾಸ್ ಜರ್ಮನಿಯ ಬವೇರಿಯಾದವನು. ಇಬ್ಬರೂ ಯಹೂದಿಗಳು, 1873ರಲ್ಲಿ ಜೊತೆಯಾಗಿ ಪೇಟೆಂಟ್ ಪಡೆದರು. ಜೀನ್ ಎಂಬ ಹೆಸರು ಇಟಲಿಯ ಜಿನೋವಾದಿಂದ ಬಂತು. ಹತ್ತಿ ಬೆಳೆದ ದಕ್ಷಿಣದ ಹೊಲಗಳಲ್ಲಿ 1865ರವರೆಗೆ ದುಡಿದವರು ಆಫ್ರಿಕಾ ಮೂಲದ ಗುಲಾಮರು; ಆಮೇಲೂ ಅನೇಕ ಕಪ್ಪು ಕುಟುಂಬಗಳು ಅಲ್ಲೇ ಪಾಲಿಗೆ ಹೊಲ ಮಾಡಿದವು. ಜೀನ್ಸ್ ತೊಡುವ ಕೌಬಾಯ್‌ಗಳ ಕಸುಬು, ರಾಂಚ್ (ದನ ಸಾಕುವ ದೊಡ್ಡ ಹೊಲ), ಲ್ಯಾಸೊ (ಕುಣಿಕೆ ಹಗ್ಗ), ರೋಡಿಯೊ (ದನ, ಕುದುರೆ ಪಳಗಿಸುವ ಪಂದ್ಯ) ಎಂಬ ಮಾತುಗಳು ಮೆಕ್ಸಿಕೋದ ದನಗಾಹಿಗಳಿಂದ ಬಂದವು.

ರಿವೆಟ್, ಹೆಸರು, ಹತ್ತಿ, ದನಗಾಹಿ: ಹತ್ತತ್ತು ಮಕ್ಕಳ ನಾಲ್ಕು ಗುಂಪಿಗೆ ನಾಲ್ಕು ಚೀಟಿ. ಓದಲು 10 ನಿಮಿಷ. ಆಮೇಲೆ ಗೋಡೆಯ ಪ್ರಪಂಚ ನಕಾಶೆಯಲ್ಲಿ ಆಯಾ ಊರಿನಿಂದ ಅಮೆರಿಕಕ್ಕೆ ಗುಂಡುಪಿನ್ನು ಚುಚ್ಚಿ ದಾರ ಎಳೆಯಲಿ.

ಇಲ್ಲೊಂದು ಎಡವಟ್ಟು ಆಗುತ್ತದೆ: ಎಲ್ಲ ದಾರವೂ ಹೊರಗಿನಿಂದಲೇ ಬಂದು, ಆ ನೆಲ ಮೊದಲು ಖಾಲಿ ಇತ್ತು ಅನ್ನಿಸಿಬಿಡುತ್ತದೆ. ಹಾಗಾಗಿ ದಾರಕ್ಕಿಂತ ಮೊದಲೇ ಡಕೋಟಾ, ಮ್ಯಾಸಚೂಸೆಟ್ಸ್, ಒಕ್ಲಹೋಮಾ ಮೇಲೆ ಬರೀ ಪಿನ್ನು ಚುಚ್ಚಿಸಿ. ಆ ಹೆಸರುಗಳು ಮೂಲನಿವಾಸಿಗಳವು.

ಉತ್ತರ (ಶಹಾಪುರ):
ಜೀನ್ಸ್ ಛಲೋ ಅದ ಸರ್. ಆದ್ರ ಬಟ್ಟಿ, ಊಟಕ್ಕ ನಿಂತ್ರ ನೋವು ಉಂಡವರ ಮಾತು ಬರೋದೇ ಇಲ್ಲ. ದಾರ ಎರಡು ಬಣ್ಣದ್ದು ತಗೋರಿ: ತಾವಾಗಿ ಬಂದವರಿಗೆ ಹಳದಿ, ಹಿಡಿದು ತಂದವರಿಗೆ ಕೆಂಪು. ಗುಲಾಮರನ್ನ ‘ವಲಸಿಗರು’ ಅಂತ ಬರೆಸಬ್ಯಾಡ್ರಿ.

ಎರಡನೇ ಪಿರಿಯಡ್ ಪೂರಾ ಕಾನೂನಿಗೆ ಇಡ್ರಿ. ಚೀನಾದ ಕೂಲಿಗಳು ಗುಡ್ಡ ಕೊರೆದು ಹಳಿ ಹಾಕಿದ್ರು, 1869ರಾಗ ಪೂರ್ವ ಪಶ್ಚಿಮ ರೈಲು ಕೂಡಿತು. ಬರೇ 13 ವರ್ಷಕ್ಕ, 1882ರಾಗ, ಚೀನಾದ ಕೂಲಿಗಳು ಬರಬಾರದಂತ ಕಾನೂನು. ಎರಡೂ ಇಸವಿ ಬೋರ್ಡಿನ ಮ್ಯಾಲ ಬರೆದು, ನಡುವ ಏನಾಗಿರಬೇಕು ಅಂತ ಕೇಳಿ ಐದು ನಿಮಿಷ ಸುಮ್ನ ಇರ್ರಿ. ಆಮ್ಯಾಲ 1923: ಅಮೆರಿಕದ ಸೈನ್ಯದಾಗಿದ್ದ ಪಂಜಾಬಿನ ಭಗತ್ ಸಿಂಗ್ ತಿಂಡ್ ‘ಬಿಳಿಯ’ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳ್ತು, ಪೌರತ್ವ ಹೋಯ್ತು. ಹೆಸರು ಕೇಳಿ ಮಕ್ಕಳು ನಮ್ಮ ಹುತಾತ್ಮ ಭಗತ್ ಸಿಂಗ್ ಅಂದ್ಕೋತಾರ, ಬೇರೆ ಅಂತ ಮೊದಲೇ ಹೇಳ್ರಿ. 1924ರಾಗ ಮೂಲನಿವಾಸಿಗಳೆಲ್ಲರಿಗೂ ಪೌರತ್ವ, ಅವರದೇ ನೆಲದಾಗ! ಯಾವ ದೇಶದಿಂದ ಎಷ್ಟು ಮಂದಿ ಬರಬೇಕು ಅನ್ನೋ ಹಳೇ ದೇಶವಾರು ಕೋಟಾ ತೆಗೆದದ್ದು 1965ರ ಕಾನೂನು. ಭಾರತದವರು ದೊಡ್ಡ ಸಂಖ್ಯೆಯಲ್ಲಿ ಹೋಗಿ ನೆಲೆಸಿದ್ದು ಅದರ ನಂತರ.

ಉತ್ತರ (ಕಲಬುರಗಿ):
ಶುರುವಿಗೆ ಐದು ನಿಮಿಷ ನಮ್ಮ ಮಾತಿಗೇ ಕೊಡಿ. ದವಾಖಾನಿ, ತಾರೀಖು, ಜಮೀನು ಎಲ್ಲಿಂದ ಬಂದವು ಎಂದು ಕೇಳಿದರೆ, ಬೆರಕೆ ಎಂದರೇನು ಎಂಬುದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ. ಊಟದ ಉದಾಹರಣೆ ಬೇಕಾದರೆ ಲೂಯಿಸಿಯಾನದ ಗಂಬೊ ಸಾರು ತೆಗೆದುಕೊಳ್ಳಿ. ಬೆಂಡೆಕಾಯಿಗೆ ಆಫ್ರಿಕಾದವರು ಅನ್ನುತ್ತಿದ್ದ ಮಾತೇ ಆ ಹೆಸರಿನ ಬೇರು. ಮೆಣಸಿನಕಾಯಿ, ಶೇಂಗಾ ಮಾತ್ರ ಬೇಡ. ಅವು ಅಮೆರಿಕ ಖಂಡಗಳ ಬೆಳೆ, ಮಕ್ಕಳು ಖಂಡವನ್ನೂ ದೇಶವನ್ನೂ ಒಂದೇ ಮಾಡಿಬಿಡುತ್ತಾರೆ.

ಪರೀಕ್ಷೆಗೆ ‘ಕೂಡಿ ಬಾಳಿದರು’ ಎಂಬ ಉತ್ತರಕ್ಕೆ ಅಂಕ ಕೊಡಬೇಡಿ. ಯಾರು, ಯಾವಾಗ, ತಾವಾಗಿಯೋ ಬಲವಂತಕ್ಕೋ, ಏನು ತಂದರು: ಒಂದೊಂದಕ್ಕೆ ಒಂದು ಅಂಕ.