‘ಕಸಾವ ಬ್ರೆಡ್’: ಬ್ರೆಡ್ಡೋ, ರೊಟ್ಟಿಯೋ, ಎಲೆಕಡುಬೋ?

ಬಳಗದ ಎಲ್ಲರಿಗೂ ನಮಸ್ಕಾರ.

ಮೂರು ವಾರದಿಂದ ಒಂದು ಅನುವಾದದಲ್ಲಿ ಸಿಕ್ಕಿಕೊಂಡಿದ್ದೇನೆ. ಮರಗೆಣಸಿನ ಹಿಟ್ಟಿನಿಂದ ಬ್ರೆಡ್ ಮಾಡಿ ಜನರ ಬಾಯಿಗೆ ಹಿಡಿಸಲು, ಹೊರದೇಶಕ್ಕೆ ಮಾರಲು ಆಫ್ರಿಕದ ದೇಶಗಳು ಏನೇನು ಪಾಡುಪಟ್ಟವು ಎಂಬುದರ ಕೈಪಿಡಿ. ನಮ್ಮಲ್ಲಿ ತಿನಿಸು ಮಾಡಿ ಮಾರುವ ಸಣ್ಣ ಉದ್ಯಮಿಗಳಿಗೆ ಅನುಕೂಲವಾಗಲಿ ಎಂದು ಕನ್ನಡಕ್ಕೆ ಮಾಡಿಸುತ್ತಿದ್ದಾರೆ. ತೊಡಕು ಮುಖಪುಟದಿಂದಲೇ ಶುರು. ನನಗೆ ಬಂದ ಯಂತ್ರಾನುವಾದದ ಕರಡಿನಲ್ಲಿ ತಲೆಬರಹ ಹೀಗಿತ್ತು: ‘ಕಸಾವ ಬ್ರೆಡ್‌ನ ಬಡ್ತಿ ಮತ್ತು ರಫ್ತು’. ಮೂಲದ ‘ಪ್ರಮೋಷನ್’ ಯಂತ್ರದ ಕೈಯಲ್ಲಿ ಬಡ್ತಿಯಾಗಿತ್ತು. ಬ್ರೆಡ್ಡಿಗೆ ಬಡ್ತಿ ಸಿಕ್ಕಿದ್ದು ಸಂತೋಷವೇ, ಸಂಬಳ ಎಷ್ಟು ಏರಿತೋ ತಿಳಿಯಲಿಲ್ಲ.

ಬಡ್ತಿಯ ವಿಚಾರ ಕೊನೆಗೆ ಕೇಳುತ್ತೇನೆ. ಮೊದಲು ಗೆಡ್ಡೆಯ ಹೆಸರು, ಇಂಗ್ಲಿಷಿನಲ್ಲಿ ಕಸಾವ.

ನಾನು ಸುಳ್ಯದ ಕಡೆಯವಳು. ನಮಗದು ಮರಗೆಣಸು, ತುಳುವಿನಲ್ಲಿ ಮರಕೆರೆಂಗ್. ಗಡಿ ದಾಟಿದರೆ ಮಲಯಾಳಿಗಳ ಕಪ್ಪ, ಮರಚ್ಚೀನಿ, ತಮಿಳರ ಮರವಳ್ಳಿ. ನಮ್ಮ ಹಿತ್ತಿಲಲ್ಲಿ ಅಜ್ಜಿ ಮಳೆಗೆ ಮುಂಚೆ ಕಡ್ಡಿ ಊರಿ, ಗೆಡ್ಡೆ ಬಲಿತ ಮೇಲೆ ಅಗೆದು, ಹಪ್ಪಳಕ್ಕೆ ತುರಿಯುತ್ತಿದ್ದರು. ಆದ್ದರಿಂದ ಮರಗೆಣಸು ಎಂದರೆ ಯಾರಿಗೂ ಅರ್ಥವಾಗುತ್ತದೆ ಎಂದುಕೊಂಡಿದ್ದೆ. ಕೈಪಿಡಿಯ ಸಂಪಾದಕರು ಬಯಲುಸೀಮೆಯವರು. ‘ಮರ’ವನ್ನು ಹೊಡೆದುಹಾಕಿ ‘ಗೆಣಸಿನ ಬ್ರೆಡ್’ ಎಂದು ತಿದ್ದಿ ಕಳಿಸಿದರು. ಅವರ ಊರಲ್ಲಿ ಗೆಣಸು ಎಂದರೆ ಬಳ್ಳಿಯಲ್ಲಿ ಬಿಡುವ ಸಿಹಿಗೆಣಸು. ಅದು ಬೇರೆಯೇ ಗಿಡ, ಬೇರೆಯೇ ಕುಲ. ‘ಹಾಗಾದರೆ ಕಸಾವ ಎಂದೇ ಇಡಿ, ಜಗಳವೇ ಬೇಡ’ ಎಂದರು.

ಜಗಳ ಅಲ್ಲಿಗೆ ಮುಗಿಯುವುದಿಲ್ಲ. ಈ ಬೆಳೆ ದಕ್ಷಿಣ ಅಮೆರಿಕದ್ದು. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಆಫ್ರಿಕಕ್ಕೆ ಬಂತು. ಕೆರಿಬಿಯನ್ ದ್ವೀಪಗಳ ತೈನೊ ಜನ ಇದರ ತುರಿಯನ್ನು ಹಿಂಡಿ, ಕಾವಲಿಯ ಮೇಲೆ ತೆಳ್ಳಗೆ ಬೇಯಿಸುತ್ತಿದ್ದ ಒಣರೊಟ್ಟಿಗೆ ಕಸಾಬೆ ಎಂದು ಹೆಸರು. 2024ರ ಡಿಸೆಂಬರಿನಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಇದೇ ರೊಟ್ಟಿಯನ್ನು. ಯುರೋಪಿನವರ ಬಾಯಲ್ಲಿ ರೊಟ್ಟಿಯ ಹೆಸರೇ ಗೆಡ್ಡೆಯ ಹೆಸರಾಯಿತು. ಅಂದಮೇಲೆ ‘ಕಸಾವ ಬ್ರೆಡ್’ ನಮ್ಮ ‘ಗೇಟುಬಾಗಿಲು’ ಇದ್ದ ಹಾಗೆ. ಅದಕ್ಕೇ ಮರಗೆಣಸನ್ನು ಉಳಿಸಿಕೊಂಡಿದ್ದೇನೆ, ಮೊದಲ ಸಲ ಬಂದಲ್ಲಿ ಗಿಡದ ಚಿತ್ರ ಹಾಕಿಸಿ. ಮಲೆನಾಡಿನವರು, ಧಾರವಾಡ ಕಡೆಯವರು ಬೇರೆ ಹೆಸರಿಂದ ಕರೆಯುತ್ತೀರಾದರೆ ದಯವಿಟ್ಟು ತಿಳಿಸಿ.

ಇನ್ನು ಬ್ರೆಡ್. ಕೈಪಿಡಿಯಲ್ಲಿ ಈ ಒಂದೇ ಪದ ಮೂರು ಬೇರೆ ಬೇರೆ ತಿನಿಸಿಗೆ ಬರುತ್ತದೆ. ಅನುವಾದಿಸುತ್ತಾ ನಲವತ್ತನೇ ಪುಟಕ್ಕೆ ಬಂದಾಗ ನನಗಿದು ಹೊಳೆಯಿತು. ಅಲ್ಲಿಯವರೆಗೆ ಎಲ್ಲ ಕಡೆ ‘ಮರಗೆಣಸಿನ ಬ್ರೆಡ್’ ಎಂದೇ ಬರೆದುಬಿಟ್ಟಿದ್ದೆ.

ಒಂದು ನೈಜೀರಿಯದ್ದು. ಜಗತ್ತಿನಲ್ಲಿ ಅತಿ ಹೆಚ್ಚು ಮರಗೆಣಸು ಬೆಳೆಯುವ ದೇಶ ಅದು, ವರ್ಷಕ್ಕೆ 6 ಕೋಟಿ ಟನ್ ಆಸುಪಾಸು. ಆದರೆ ಪೇಟೆಯ ಜನ ಬೆಳಗ್ಗೆ ತಿನ್ನುವ ಬ್ರೆಡ್ಡಿಗೆ ಗೋಧಿ ಹೊರಗಿನಿಂದ ಹಡಗಿನಲ್ಲಿ ಬರಬೇಕು. ಒಬಸಾಂಜೊ ಅಧ್ಯಕ್ಷರಾಗಿದ್ದಾಗ ಗೋಧಿಹಿಟ್ಟಿಗೆ ಶೇ 10ರಷ್ಟು ಮರಗೆಣಸಿನ ಹಿಟ್ಟು ಸೇರಿಸಬೇಕೆಂದು ಗಿರಣಿಗಳಿಗೆ ಹೇಳಿದರು. ಆಮೇಲೆ ಗುಡ್‌ಲಕ್ ಜೊನಾಥನ್ ಕಾಲದಲ್ಲಿ ಕೃಷಿ ಸಚಿವ ಅಕಿನ್‌ವುಮಿ ಅಡೆಸಿನಾ ಶೇ 40ರ ಗುರಿ ಇಟ್ಟರು. ಅಧ್ಯಕ್ಷರು ತಾವೇ ಆ ಬ್ರೆಡ್ ತಿಂದು ತೋರಿಸಿದರು. 2012ರಲ್ಲಿ ಆಮದು ಗೋಧಿಹಿಟ್ಟಿನ ಮೇಲೆ ಸುಂಕ, ಹೆಚ್ಚುವರಿ ಕರ ಎಲ್ಲ ಸೇರಿ ಶೇ 100 ಆಗುವಂತೆ ಏರಿಸಿದರು. ಬೆರೆಸಿದ ಬೇಕರಿಗಳಿಗೆ ತೆರಿಗೆಯಲ್ಲಿ ರಿಯಾಯಿತಿ. 2015ರಲ್ಲಿ ಸರ್ಕಾರ ಬದಲಾದ ಮೇಲೆ ಆ ಹುಮ್ಮಸ್ಸು ಇಳಿಯಿತು.

ಗಮನಿಸಿ: ಗುರಿ ಮುಟ್ಟಿದ್ದರೂ ಆ ‘ಮರಗೆಣಸಿನ ಬ್ರೆಡ್’ನಲ್ಲಿ ಅರ್ಧಕ್ಕಿಂತ ಹೆಚ್ಚು ಗೋಧಿಯೇ. ಇದಕ್ಕೆ ಕಾರಣವೂ ಇದೆ. ಮರಗೆಣಸಿನ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಅಂದರೆ ಗ್ಲುಟೆನ್ ಇಲ್ಲ. ಹುದುಗು ಬಂದಾಗ ಏಳುವ ಗಾಳಿಯನ್ನು ಹಿಡಿದಿಡಲು ಅದಕ್ಕಾಗದು. ಶೇ 10 ಬೆರೆಸಿದರೆ ನಾಲಿಗೆಗೆ ಗೊತ್ತಾಗುವುದೇ ಕಷ್ಟ; 20 ದಾಟಿದರೆ ಬ್ರೆಡ್ ಗಟ್ಟಿಯಾಗತೊಡಗುತ್ತದೆ, 40ಕ್ಕೆ ಹೋದರೆ ಬೇಕರಿಯವನು ಬೇರೆ ಬೇರೆ ಸೇರ್ಪಡೆಗಳ ಮೊರೆ ಹೋಗಬೇಕು.

ಎರಡನೆಯದು ಕಾಂಗೊದ್ದು. ಫ್ರೆಂಚಿನಲ್ಲಿ ಇದನ್ನು ‘ಮರಗೆಣಸಿನ ಬ್ರೆಡ್’ ಎಂದೇ ಕರೆಯುತ್ತಾರೆ. ಅಲ್ಲಿ ಈ ತಿನಿಸಿನ ಹೆಸರು ಚಿಕ್ವಾಂಗ್, ಅಲ್ಲಿಯ ಲಿಂಗಾಲ ಭಾಷೆಯಲ್ಲಿ ಕ್ವಾಂಗಾ. ಇದರಲ್ಲಿ ಗೋಧಿಯ ಸೋಂಕೂ ಇಲ್ಲ, ಓವನ್ನೂ ಇಲ್ಲ. ಗೆಡ್ಡೆಯನ್ನು ಕೆಲವು ದಿನ ನೀರಲ್ಲಿ ನೆನೆಹಾಕಿ, ಹುಳಿ ಬಂದು ಮೆತ್ತಗಾದ ಮೇಲೆ ನಾರು ತೆಗೆದು, ಅರೆದು, ನಾದಿ, ಆರಾರೂಟಿನ ಬಳಗದ ಗಿಡದ ಅಗಲ ಎಲೆಯಲ್ಲಿ ಸುತ್ತಿ ಕಟ್ಟಿ ಹಬೆಯಲ್ಲಿ ಬೇಯಿಸುತ್ತಾರೆ. ಎಲೆ ಬಿಚ್ಚದಿದ್ದರೆ ಹಲವು ದಿನ ಕೆಡದು. ಕಾಂಗೊ ನದಿಯ ದೋಣಿಗಳಲ್ಲಿ ಹೊರೆ ಹೊರೆಯಾಗಿ ಹೋಗುತ್ತದೆ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿರುವ ಆಫ್ರಿಕದವರ ಕೇರಿ ಮಟೊಂಗೆಯ ಅಂಗಡಿಗಳಿಗೂ ಹೋಗುತ್ತದೆ. ಹೊರದೇಶಕ್ಕೆ ಹೋಗಿ ಮಾರಾಟವಾಗುವ ‘ಮರಗೆಣಸಿನ ಬ್ರೆಡ್’ ಎಂದರೆ ಹೆಚ್ಚಾಗಿ ಇದು. ನೈಜೀರಿಯದ ಮೆತ್ತನೆಯ ಬ್ರೆಡ್ ಎರಡು ದಿನಕ್ಕೆ ಹಳಸುವ ಪದಾರ್ಥ, ಅದು ಹಡಗು ಹತ್ತುವುದು ಕಷ್ಟ. ಕ್ಯಾಮರೂನಿನಲ್ಲಿ ಚಿಕ್ವಾಂಗನ್ನೇ ಉದ್ದುದ್ದಕ್ಕೆ ಕಟ್ಟಿ ಬೊಬೊಲೊ ಎನ್ನುತ್ತಾರೆ.

ಓದುತ್ತಿದ್ದಂತೆ ನನಗೆ ನೆನಪಾದದ್ದು ಆಟಿ ತಿಂಗಳ ಅರಿಶಿನದೆಲೆಯ ಗಟ್ಟಿ. ಎಲೆಯಲ್ಲಿ ಹಿಟ್ಟು, ಹಬೆಯಲ್ಲಿ ಬೇಯುವುದು, ಎಲೆಯ ಘಮ ತಿನಿಸಿಗೆ ಹತ್ತುವುದು, ಎಲ್ಲ ಅದೇ. ಇದನ್ನು ಕನ್ನಡದಲ್ಲಿ ‘ಬ್ರೆಡ್’ ಎಂದರೆ ಓದುವವರ ಕಣ್ಣಿಗೆ ಕಟ್ಟುವುದು ಪ್ಲಾಸ್ಟಿಕ್ ಚೀಲದೊಳಗಿನ ಚೌಕ ಹೋಳು. ‘ಮರಗೆಣಸಿನ ಎಲೆಕಡುಬು’ ಎಂದರೆ ಅರೆಕ್ಷಣದಲ್ಲಿ ಚಿತ್ರ ಮೂಡುತ್ತದೆ. ಆದರೆ ಇಲ್ಲೊಂದು ಕೊಕ್ಕೆ ಇದೆ: ‘ಮರಗೆಣಸಿನ ಎಲೆ’ಯಲ್ಲಿ ಮಾಡಿದ ಕಡುಬು ಎಂದು ಯಾರಾದರೂ ಓದಿಬಿಟ್ಟರೆ? ಕಾಂಗೊದವರು ಆ ಎಲೆಯನ್ನೂ ಚೆನ್ನಾಗಿ ಕುಟ್ಟಿ, ಬೇಯಿಸಿ ಸೊಪ್ಪಿನ ಪಲ್ಯದಂತೆ ಉಣ್ಣುತ್ತಾರೆ, ಹೆಸರು ಪೊಂಡು. ನಮ್ಮಲ್ಲಿ ಮಾತ್ರ ದನ ಬೇಲಿ ಹಾರಿ ಅದನ್ನು ಮೇಯ್ದರೆ ಮನೆಯವರಿಗೆಲ್ಲ ಜೀವ ಬಾಯಿಗೆ ಬರುತ್ತದೆ. ‘ಎಲೆಯಲ್ಲಿ ಬೆಂದ ಮರಗೆಣಸಿನ ಕಡುಬು’ ಎಂದು ಬಿಡಿಸಿ ಬರೆಯಬಹುದು, ಉದ್ದವಾಗುತ್ತದೆ.

ಮೂರನೆಯದಕ್ಕೆ ತಕರಾರಿಲ್ಲ. ಅಪ್ಪಟ ಮರಗೆಣಸಿನ ಹಿಟ್ಟನ್ನೇ ತಟ್ಟಿ ಸುಟ್ಟದ್ದು. ಅದು ರೊಟ್ಟಿ, ಕಸಾಬೆಯ ನೆಂಟ.

ಬ್ರೆಡ್ಡಿನ ಮಟ್ಟಿಗೆ ಆಫ್ರಿಕದ ಭಾಷೆಗಳೂ ನಮ್ಮ ಹಾಗೇ ಹಂಚಿಹೋಗಿವೆ. ಯೊರುಬದವರು ಬುರೆಡಿ ಎನ್ನುತ್ತಾರೆ, ಹೌಸಾದವರು ಬುರೊಡಿ. ಇಬ್ಬರೂ ಇಂಗ್ಲಿಷಿನ ಪದವನ್ನೇ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡವರು. ಸ್ವಾಹಿಲಿಯಲ್ಲಿ ಮ್ಕಾಟೆ ಎಂಬ ಸ್ವಂತ ಪದವಿದೆ, ಅದರ ಹರಹು ದೊಡ್ಡದು: ಅಕ್ಕಿ ಹಿಟ್ಟು, ತೆಂಗಿನಹಾಲು ಕಲಸಿ ಪಾತ್ರೆಗೆ ಸುರಿದು ಬೇಯಿಸುವ ಜಂಜಿಬಾರಿನ ತಿನಿಸೂ ಮ್ಕಾಟೆಯೇ. ನಮ್ಮ ರೊಟ್ಟಿ ಅಷ್ಟು ಉದಾರಿಯಲ್ಲ. ಕಲಬುರಗಿ ಕಡೆ ಹಿರಿಯರು ಬ್ರೆಡ್ಡಿಗೆ ಡಬಲ್ ರೊಟ್ಟಿ ಎನ್ನುವುದನ್ನು ಕೇಳಿದ್ದೇನೆ. ಕೈಪಿಡಿಗೆ ಅದನ್ನು ತರುವ ಧೈರ್ಯ ನನಗಿಲ್ಲ.

ಇಷ್ಟೆಲ್ಲ ಸೂಕ್ಷ್ಮ ಯಾಕೆ, ತಿನಿಸು ತಾನೇ ಎಂದು ಸಂಪಾದಕರು ಕೇಳಿದರು. ಯಾಕೆಂದರೆ ಕೈಪಿಡಿಯ ರಫ್ತಿನ ಅಧ್ಯಾಯ ಪೂರ್ತಿ ನಿಂತಿರುವುದು ‘ಗ್ಲುಟೆನ್ ಇಲ್ಲದ್ದು’ ಎಂಬ ಮಾತಿನ ಮೇಲೆ. ಯುರೋಪಿನಲ್ಲಿ ಹಾಗೆಂದು ಬರೆದುಕೊಳ್ಳಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಕೂಡದು. ಕಡುಬಿಗೆ, ರೊಟ್ಟಿಗೆ ಆ ಮಾತು ಸಲ್ಲುತ್ತದೆ. ನೈಜೀರಿಯದ ಬ್ರೆಡ್ಡಿಗೆ ಸುತರಾಂ ಸಲ್ಲದು. ಮೂರಕ್ಕೂ ನಾನು ‘ಮರಗೆಣಸಿನ ಬ್ರೆಡ್’ ಎಂದೇ ಬರೆದು, ಗೋಧಿ ಒಗ್ಗದ ಯಾರೋ ಓದಿ, ಅದು ಬೆರೆಸಿದ್ದನ್ನೇ ತಿಂದರೆ ಹೊಣೆ ಯಾರದು?

ಕನ್ನಡದ ವ್ಯಾಕರಣವೂ ಇಲ್ಲಿ ಕೈಕೊಡುತ್ತದೆ. ಜೋಳದ ರೊಟ್ಟಿ ಎಂದರೆ ಪೂರ್ತಿ ಜೋಳ. ಮೆಂತ್ಯದ ದೋಸೆ ಎಂದರೆ ಒಂದು ಹಿಡಿ ಮೆಂತ್ಯ, ಉಳಿದದ್ದು ಅಕ್ಕಿ. ವಿಭಕ್ತಿ ಒಂದೇ, ಪಾಲು ಬೇರೆ. ನಮಗೆ ಅಡುಗೆ ಗೊತ್ತಿರುವುದರಿಂದ ಪಾಲೂ ಗೊತ್ತು. ಅಡುಗೆ ಗೊತ್ತಿಲ್ಲದ ಕಡೆ ಮೋಸ ಹೋಗುತ್ತೇವೆ. ಮೊನ್ನೆ ಅಂಗಡಿಯಲ್ಲಿ ‘ರಾಗಿ ಬಿಸ್ಕತ್ತು’ ಪೊಟ್ಟಣ ತಿರುಗಿಸಿ ನೋಡಿದೆ: ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಎಣ್ಣೆ, ಆಮೇಲೆ ರಾಗಿ. ‘ಮರಗೆಣಸಿನ ಬ್ರೆಡ್’ ಜೋಳದ ರೊಟ್ಟಿಯ ಸಾಲಿಗೋ ಮೆಂತ್ಯದ ದೋಸೆಯ ಸಾಲಿಗೋ ಎಂಬುದನ್ನು ಪದವೇ ಹೇಳಬೇಕು.

ಹಾಗಾಗಿ ನೈಜೀರಿಯದ್ದಕ್ಕೆ ‘ಮರಗೆಣಸು ಬೆರೆಸಿದ ಬ್ರೆಡ್’ ಎಂದು ಮಾಡಿದೆ. ಇದರ ಹಿಂದೆಯೇ ಇನ್ನೊಂದು ಪದ ಬಂತು. ಗೋಧಿಗೆ ಬೇರೆ ಹಿಟ್ಟು ಸೇರಿಸುವ ಈ ಯೋಚನೆ ಹೊಸದಲ್ಲ; ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1964ರಲ್ಲೇ ಇದಕ್ಕೊಂದು ಕಾರ್ಯಕ್ರಮ ಹಾಕಿಕೊಂಡಿತ್ತು. ಅಂಥ ಹಿಟ್ಟಿಗೆ ಕನ್ನಡದಲ್ಲಿ? ‘ಸಂಯುಕ್ತ ಹಿಟ್ಟು’ ರಸಾಯನಶಾಸ್ತ್ರದ ವಾಸನೆ ಹೊಡೆಯುತ್ತದೆ. ‘ಮಿಶ್ರ ಹಿಟ್ಟು’ ಸಪ್ಪೆ. ನನ್ನ ಮನಸ್ಸು ‘ಬೆರಕೆ ಹಿಟ್ಟು’ ಕಡೆಗೆ. ಸಂಪಾದಕರು ಹೌಹಾರಿದರು: ‘ಬೆರಕೆ ಎಂದರೆ ಕಲಬೆರಕೆ ಅಂದುಕೊಳ್ಳುತ್ತಾರೆ, ಉದ್ಯಮಿಗಳಿಗೆ ಕಲಬೆರಕೆ ಕಲಿಸಿದ ಹಾಗಾಗುತ್ತದೆ!’ ಅವರ ಭಯ ಸುಳ್ಳಲ್ಲ. ಆದರೆ ಅವರ ಊರಲ್ಲೇ ಹೊಲದ ಬದುವಿನಿಂದ ಹತ್ತು ಬಗೆ ಸೊಪ್ಪು ಕಿತ್ತು ತಂದು ಮಾಡುವ ಬೆರಕೆ ಸೊಪ್ಪಿನ ಸಾರಿಗೆ ಯಾರೂ ಮೂಗು ಮುರಿಯುವುದಿಲ್ಲವಲ್ಲ? ಕಲಬೆರಕೆ ಗುಟ್ಟಾಗಿ ಮಾಡುವುದು, ಬೆರಕೆ ಗೊತ್ತಿದ್ದೇ ಮಾಡುವುದು. ಈ ವ್ಯತ್ಯಾಸ ಇಂದಿನ ಓದುಗರಿಗೆ ನಾಟುತ್ತದೆಯೇ, ಅಥವಾ ‘ಬೆರಕೆ’ ಆಗಲೇ ಕೆಟ್ಟುಹೋದ ಪದವೇ? ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ ಎನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯ.

ಹಿಟ್ಟು ಎಂಬ ಪದಕ್ಕೂ ಮೂಗುದಾರ ಹಾಕಬೇಕಾಗಿದೆ. ಅಂತರರಾಷ್ಟ್ರೀಯ ಸುಂಕದ ಪಟ್ಟಿಯಲ್ಲಿ ಮರಗೆಣಸಿಗೆ ಮನೆಗಳು ಬೇರೆ ಬೇರೆ: ಗೆಡ್ಡೆ 0714, ಹಿಟ್ಟು 1106, ಪಿಷ್ಟ 1108, ಸಬ್ಬಕ್ಕಿಯ ರೂಪಕ್ಕೆ ಬಂದದ್ದು 1903, ಬ್ರೆಡ್ಡಾದರೆ 1905. ಇಡೀ ಗೆಡ್ಡೆಯನ್ನು ಒಣಗಿಸಿ ಬೀಸಿದ್ದು ಹಿಟ್ಟು; ಹಾಲು ಹಿಂಡಿ ತಳದಲ್ಲಿ ನಿಂತದ್ದು ಪಿಷ್ಟ. ಸಬ್ಬಕ್ಕಿ ಆಗುವುದು ಎರಡನೆಯದರಿಂದ. ಸಾಗೊ ಮೂಲತಃ ಒಂದು ಜಾತಿಯ ತಾಳೆಮರದ ತಿರುಳು, ನಮ್ಮ ಅಂಗಡಿಗೆ ಸೇಲಂ ಕಡೆಯಿಂದ ಬರುವುದು ಮರಗೆಣಸಿನದು. ಏಕಾದಶಿಗೆ ಸಬ್ಬಕ್ಕಿ ಉಪ್ಪಿಟ್ಟು ತಿನ್ನುವವರೂ ಮರಗೆಣಸನ್ನು ಕಂಡೇ ಇಲ್ಲ ಎನ್ನುತ್ತಾರೆ! ಪಿಷ್ಟಕ್ಕೆ ಅಡುಗೆಮನೆಯ ಪದವೊಂದು ಬೇಕು. ಕೂವೆಹುಡಿ ಮಾಡುವಾಗ ನಮ್ಮಲ್ಲಿ ‘ಹಾಲು ಇಳಿಸುವುದು’ ಎನ್ನುತ್ತಾರೆ, ತಳದಲ್ಲಿ ನಿಂತದ್ದಕ್ಕೆ ಮಾತ್ರ ಪ್ರತ್ಯೇಕ ಹೆಸರು ನೆನಪಾಗುತ್ತಿಲ್ಲ.

ಹಳೇ ಮೈಸೂರಿನ ಕಡೆ ‘ಹಿಟ್ಟು ಉಂಡೆ’ ಎಂದರೆ ಮುದ್ದೆ ಉಂಡಂತೆ ಎಂಬುದೂ ತಲೆಯಲ್ಲಿದೆ. ಅದರಲ್ಲೊಂದು ಲಾಭವೂ ಸಿಕ್ಕಿತು. ಫುಫು, ಎಬಾ ಮೊದಲಾದ ಮರಗೆಣಸಿನ ಮುದ್ದೆಗಳನ್ನೆಲ್ಲ ನೈಜೀರಿಯದವರು ಒಟ್ಟಾಗಿ ಕರೆಯುವ ಇಂಗ್ಲಿಷ್ ಪದಕ್ಕೆ ‘ನುಂಗು’ ಎಂದೇ ಅರ್ಥ. ಜಗಿಯದೆ, ಸಾರಿನಲ್ಲಿ ಅದ್ದಿ ನುಂಗುವುದು. ಮಂಡ್ಯದವರಿಗೆ ಇದನ್ನು ಅನುವಾದಿಸಬೇಕೇ? ಸೀದಾ ‘ಮುದ್ದೆ’ ಎಂದು ಬರೆದು ಮುಂದೆ ಹೋದೆ. ಎಬಾಕ್ಕೆ ಬಳಸುವ ಹುರಿದ ತರಿಯ ಹೆಸರು ಗರಿ. ಕನ್ನಡದಲ್ಲಿ ಅದು ಹಕ್ಕಿಯ ಗರಿಯಾಗುವುದರಿಂದ ‘ಗಾರಿ’ ಎಂದು ಎಳೆದಿದ್ದೇನೆ.

ಒಂದು ಸಣ್ಣ ಪದ: ಕಹಿ ತಳಿಗಳಲ್ಲಿರುವ ಸೈನೈಡ್. ‘ವಿಷ’ ಎಂದರೆ ಓದುಗರು ಪುಸ್ತಕ ಮುಚ್ಚುತ್ತಾರೆ, ‘ನಂಜು’ ಎಂದರೆ ಹಗುರಾಗುತ್ತದೆ. ತಿನ್ನುವ ಮರಗೆಣಸಿನ ಹಿಟ್ಟಿನಲ್ಲಿ ಕಿಲೋಗೆ 10 ಮಿಲಿಗ್ರಾಂ ಮೀರಬಾರದು ಎಂಬ ಅಂತರರಾಷ್ಟ್ರೀಯ ಮಿತಿ ಇರುವುದರಿಂದ ಹಗುರ ಮಾಡುವ ಹಾಗೂ ಇಲ್ಲ. ಸದ್ಯಕ್ಕೆ ‘ಸೈನೈಡ್ ನಂಜು’ ಎಂದಿಟ್ಟಿದ್ದೇನೆ. ತುರಿದು, ಹಿಂಡಿ, ಹುಳಿ ಬರಿಸುವ ಕೆಲಸಕ್ಕೆ ‘ನಂಜು ಇಳಿಸುವುದು’ ಎನ್ನುವುದು ಒಪ್ಪುತ್ತದೆ ಎನಿಸುತ್ತದೆ.

ಈಗ ಬಡ್ತಿ. ‘ಪ್ರಚಾರ’ ಎಂದರೆ ಚುನಾವಣೆಯ ಮೈಕು. ‘ಪ್ರವರ್ಧನೆ’ ಇಲಾಖೆಯ ಫೈಲಿನಾಚೆ ಬದುಕಿಲ್ಲ. ‘ಉತ್ತೇಜನ’ ಸರ್ಕಾರ ಕೊಡುವುದು. ಗೋಧಿಹಿಟ್ಟಿಗೆ ಸುಂಕ ಏರಿಸಿದ್ದನ್ನು ಬೇಕಾದರೆ ಹಾಗೆನ್ನಬಹುದು. ಅಧ್ಯಕ್ಷರೇ ಬ್ರೆಡ್ ಕಚ್ಚಿ ಕ್ಯಾಮೆರಾ ಮುಂದೆ ನಕ್ಕದ್ದು? ಅದು ಉತ್ತೇಜನವಲ್ಲ. ನಮ್ಮ ಕಡೆ ಹೊಸ ತಿನಿಸನ್ನು ಮಕ್ಕಳಿಗೆ ‘ರುಚಿ ಹತ್ತಿಸುವುದು’, ‘ಬಾಯಿಗೆ ಹಿಡಿಸುವುದು’ ಎನ್ನುತ್ತಾರೆ. ತಲೆಬರಹಕ್ಕೆ ‘ಮರಗೆಣಸಿನ ತಿನಿಸುಗಳು: ರುಚಿ ಹತ್ತಿಸಿದ್ದು, ರಫ್ತು ಮಾಡಿದ್ದು’ ಎಂದು ಕಳಿಸಿದ್ದೇನೆ. ಬ್ರೆಡ್ ಎಂಬುದನ್ನೇ ತಲೆಬರಹದಿಂದ ಕೈಬಿಟ್ಟಿರುವುದು ಸಂಪಾದಕರಿಗಿನ್ನೂ ಗೊತ್ತಾಗಿಲ್ಲ.

ಗುರುವಾರ ಕರಡು ಒಪ್ಪಿಸಬೇಕು. ಬೆರಕೆ ಹಿಟ್ಟು ಇರಲೋ ಬೇಡವೋ, ಕಡುಬಿಗೆ ಉದ್ದವಿಲ್ಲದ ಹೆಸರು ಯಾವುದು, ತಳದಲ್ಲಿ ನಿಂತ ಪಿಷ್ಟಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ? ನಿಘಂಟು ನೋಡಿ ಹೇಳುವುದಕ್ಕಿಂತ ಅಮ್ಮನನ್ನೋ ಅತ್ತೆಯನ್ನೋ ಕೇಳಿ ಬರೆದರೆ ಉಪಕಾರ.